ಕಚ್ಚಿ ಹಿಡಿದ ಚಕ್ರದ ಬೇರಿಂಗನ್ನು ಬಿಡಿಸುವ ಬಗೆ



ಮರದ ಗಾಡಿಯ ಕಾಲದಲ್ಲಿ ಚಕ್ರದ ಆರೈಕೆ ಎಂದರೆ ಕಡಾಣಿ ಕಿತ್ತು, ಚಕ್ರ ಸರಿಸಿ, ಅಚ್ಚಿಗೆ ಕೀಲೆಣ್ಣೆ ಸವರುವುದಾಗಿತ್ತು. ಗಾಡಿ ಕಿರುಗುಟ್ಟಿದರೆ ಎಣ್ಣೆ ಬೇಕೆಂದು ಎತ್ತು ಹೊಡೆಯುವ ಹುಡುಗನಿಗೂ ತಿಳಿಯುತ್ತಿತ್ತು. ಈಗ ನಮ್ಮ ಕೆಂಕೆರೆ ಸೀಮೆಯಲ್ಲಿ ತೆಂಗಿನಕಾಯಿ, ಕೆರೆಗೋಡು, ಗೊಬ್ಬರ, ತಿಪಟೂರು ಮಾರುಕಟ್ಟೆಗೆ ಹೋಗುವ ಕೊಬ್ಬರಿ, ಎಲ್ಲಕ್ಕೂ ಟ್ರಾಕ್ಟರಿನ ಟ್ರೇಲರು ಬಂದಿದೆ. ಅದರ ಚಕ್ರ ತಿರುಗುವುದು ಬೇರಿಂಗಿನ ಮೇಲೆ. ಬೇರಿಂಗು ಹಬ್ಬಿನೊಳಗೆ ಮುಚ್ಚಿಕೊಂಡಿರುವುದರಿಂದ ಅದರ ನರಳಾಟ ಬೇಗ ಕೇಳಿಸುವುದಿಲ್ಲ. ಕೇಳಿಸುವ ವೇಳೆಗೆ ಅದು ಅಚ್ಚನ್ನು ಕಚ್ಚಿ ಹಿಡಿದಿರುತ್ತದೆ. ಹಾಗೆಯೇ ಓಡಿಸಿದರೆ ಅಚ್ಚಿನ ತುದಿ ತೇದು, ತುಂಬಿದ ಹೇರಿನೊಡನೆ ಚಕ್ರವೇ ಕಳಚಿಕೊಳ್ಳಬಹುದು. ಹೇರಿನ ಮೇಲೆ ಆಳುಗಳು ಕುಳಿತಿದ್ದರೆ ಹೋಗುವುದು ಬರಿಯ ಕಬ್ಬಿಣವಲ್ಲ.

ಹಬ್ಬಿನೊಳಗೆ ಏನಿದೆ?

ಸಾಮಾನ್ಯವಾಗಿ ಟ್ರೇಲರಿನ ಒಂದೊಂದು ಹಬ್ಬಿನಲ್ಲಿ 2 ಬೇರಿಂಗುಗಳಿರುತ್ತವೆ. ಒಳಮಗ್ಗುಲಿನದು ದೊಡ್ಡದು, ಹೊರಮಗ್ಗುಲಿನದು ಚಿಕ್ಕದು. ಪ್ರತಿಯೊಂದರಲ್ಲಿಯೂ ಹಬ್ಬಿಗೆ ಬಿಗಿಯಾಗಿ ಕೂತ ಹೊರಬಳೆ ಮತ್ತು ರೋಲರುಗಳೊಡನೆ ಅಚ್ಚಿನ ಮೇಲೆ ಕೂತ ಒಳಬಳೆ ಎಂಬ ಎರಡು ಭಾಗಗಳುಂಟು. ರೋಲರುಗಳು ಒಂದು ತುದಿಗೆ ಸಣ್ಣಗಾಗಿರುತ್ತವೆ. ಈ ಬಗೆಯ ಬೇರಿಂಗಿಗೆ 1898ರಲ್ಲಿ ಪೇಟೆಂಟು ಪಡೆದವರಲ್ಲಿ ಒಬ್ಬನಾದ ಅಮೆರಿಕದ ಹೆನ್ರಿ ಟಿಮ್ಕೆನ್ ಕುದುರೆಗಾಡಿ ತಯಾರಿಸುವವನು. ಗಾಡಿ ತಿರುವಿನಲ್ಲಿ ಹೊರಳುವಾಗ ಚಕ್ರಕ್ಕೆ ಮೇಲಿನಿಂದ ಭಾರ, ಪಕ್ಕದಿಂದ ನೂಕು ಎರಡೂ ಬೀಳುತ್ತವೆ. ಎರಡನ್ನೂ ತಡೆಯುವುದೇ ಈ ಓರೆ ರೋಲರುಗಳ ಗುಣ.

ಕೆಡಲು ಕಾರಣ

ಕೆರೆಗೋಡು ಹೊಡೆಯುವಾಗ ಕೆಸರು ನೀರು ಹೊಕ್ಕುವುದು, ತೆಂಗಿನ ನಾರು ಸುತ್ತಿಕೊಂಡು ಸೀಲು ಹರಿಯುವುದು, ಹಳೆಯ ಗ್ರೀಸು ಒಣಗುವುದು, ನಟ್ಟನ್ನು ಅತಿಯಾಗಿ ಬಿಗಿಯುವುದು, ಮಿತಿಮೀರಿ ಹೇರುವುದು ಮುಖ್ಯ ಕಾರಣಗಳು. ದೂರ ಓಡಿ ಬಿಸಿಯಾದ ಹಬ್ಬನ್ನು ಕೂಡಲೇ ನೀರಿಗಿಳಿಸಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಓಡಿಸಿದ ಮೇಲೆ ಒಂದು ಹಬ್ಬು ಮಾತ್ರ ಸುಡುತ್ತಿದ್ದರೆ, ಗುರುಗುಟ್ಟಿದರೆ, ಚಕ್ರ ಎತ್ತಿ ಅಲ್ಲಾಡಿಸಿದಾಗ ಓಲಾಡಿದರೆ, ತಡಮಾಡದೆ ಬಿಚ್ಚಿ ನೋಡತಕ್ಕದ್ದು.

ಮೊದಲು ಎಚ್ಚರಿಕೆ

1. ಹೇರು ಪೂರ್ತಿ ಇಳಿಸಿ, ಗಟ್ಟಿಯಾದ ಸಮನೆಲದಲ್ಲಿ ನಿಲ್ಲಿಸಬೇಕು. ಟ್ರಾಕ್ಟರಿನ ಎಂಜಿನು ನಿಲ್ಲಿಸಿ, ಬ್ರೇಕು ಹಾಕಿ, ಗೇರಿನಲ್ಲಿಡಬೇಕು. ಉಳಿದ ಚಕ್ರಗಳಿಗೆ ಹಿಂದೆಯೂ ಮುಂದೆಯೂ ಅಡ್ಡ ಕೊಡಬೇಕು.

2. ಜಾಕಿಯೊಂದನ್ನೇ ನಂಬಕೂಡದು. ಅಚ್ಚಿನ ಕೆಳಗೆ ಚಚ್ಚೌಕದ ಗಟ್ಟಿ ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ ಭಾರ ಅದರ ಮೇಲೆ ಕೂರುವಂತೆ ಮಾಡಬೇಕು. ದುಂಡನೆಯ ತೆಂಗಿನ ತುಂಡು ಉರುಳುತ್ತದೆ, ಟೊಳ್ಳು ಸಿಮೆಂಟು ಇಟ್ಟಿಗೆ ಒಮ್ಮೆಗೇ ಪುಡಿಯಾಗುತ್ತದೆ. ಇವೆರಡೂ ಬೇಡ.

3. ಟೈರು ಇರುವಾಗ ಹಬ್ಬಿಗಾಗಲಿ ರಿಮ್ಮಿಗಾಗಲಿ ಬೆಂಕಿ ಹಿಡಿಯಲೇಬಾರದು. ಕಾದ ಟೈರು ಸಿಡಿದು ಪ್ರಾಣ ತೆಗೆಯಬಲ್ಲದು.

4. ಬೇರಿಂಗಿನ ಉಕ್ಕು ಬಹಳ ಗಡಸು. ಸುತ್ತಿಗೆಯಿಂದ ನೇರವಾಗಿ ಹೊಡೆದರೆ ಚೂರು ಸಿಡಿದು ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಕನ್ನಡಕ ಹಾಕಿ, ನಡುವೆ ಹಿತ್ತಾಳೆಯ ಅಥವಾ ಮೆತು ಕಬ್ಬಿಣದ ಸರಳು ಇಟ್ಟೇ ಬಡಿಯಬೇಕು.

ಬಿಡಿಸುವ ಕ್ರಮ

ಚಕ್ರ ನೆಲದ ಮೇಲಿರುವಾಗಲೇ ಚಕ್ರದ ನಟ್ಟುಗಳನ್ನು ಸಡಿಲಿಸಿ, ಬಳಿಕ ಎತ್ತಿ ಆಸರೆ ಕೊಟ್ಟು ಚಕ್ರ ತೆಗೆಯಿರಿ. ಟ್ರೇಲರಿಗೆ ಬ್ರೇಕು ಇದ್ದರೆ ಅದನ್ನು ಸಡಿಲಿಸಿ. ಹಬ್ಬಿನ ಮುಚ್ಚಳವನ್ನು ಸುತ್ತಲೂ ಮೆಲ್ಲಗೆ ತಟ್ಟಿ ತೆಗೆದು, ಸ್ಪ್ಲಿಟ್ ಪಿನ್ನು ನೆಟ್ಟಗೆ ಮಾಡಿ ಎಳೆದು, ನಟ್ಟು, ವಾಷರು, ಹೊರ ಬೇರಿಂಗು ಇವನ್ನು ಕ್ರಮವಾಗಿ ಬಿಚ್ಚಿಡಿ.

ಬೇರಿಂಗು ಕಚ್ಚಿದ್ದರೆ ತುಕ್ಕು ಬಿಡಿಸುವ ಎಣ್ಣೆಯನ್ನು ಸಂದಿಗೆ ಬಿಟ್ಟು ಒಂದು ರಾತ್ರಿ ಬಿಡಬೇಕು. ಮನೆಯಲ್ಲಿದೆಯೆಂದು ಕೊಬ್ಬರಿ ಎಣ್ಣೆ ಹಾಕಬೇಡಿ. ಅದು ಸುಮಾರು 24 ಡಿಗ್ರಿಗಿಂತ ತಂಪಾದರೆ ಹೆಪ್ಪುಗಟ್ಟುತ್ತದೆ; ತುಕ್ಕಿನ ಸಂದಿಗೆ ಇಳಿಯುವುದಿಲ್ಲ.

ಮರುದಿನ ನಟ್ಟನ್ನು ಕೆಲವು ಸುತ್ತು ಮಾತ್ರ ಹಾಕಿ, ಹಿಂದೆ ಸ್ವಲ್ಪ ಜಾಗ ಬಿಡಿ. ಚಕ್ರವನ್ನು ಮತ್ತೆ ಹಬ್ಬಿಗೆ ಕೂರಿಸಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸುತ್ತ ಎಳೆಯಿರಿ. ಚಕ್ರದ ಅಗಲವೇ ಇಲ್ಲಿ ಸನ್ನೆಗೋಲು. ನಟ್ಟು ಇರುವುದರಿಂದ ಹಬ್ಬು ಹಠಾತ್ತನೆ ಕಾಲಿಗೆ ಬೀಳುವುದಿಲ್ಲ. ಇದಕ್ಕೂ ಬಗ್ಗದಿದ್ದರೆ ಪುಲ್ಲರ್ ಬೇಕು. ಅದರ ಕಾಲುಗಳು ಹಬ್ಬನ್ನು ಹಿಡಿದಿರಲಿ, ನಡುವಿನ ತಿರುಪು ಅಚ್ಚಿನ ತುದಿಯನ್ನು ಒತ್ತಲಿ. ಬಿಗಿದು, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಬಿಗಿಯಿರಿ. ಪುಲ್ಲರಿನ ಎದುರಿಗೆ ನಿಲ್ಲದೆ ಪಕ್ಕದಲ್ಲಿ ನಿಲ್ಲಿ.

ಹಬ್ಬು ಬಂದು, ಒಳಬಳೆ ಅಚ್ಚಿನಲ್ಲೇ ಉಳಿಯುವುದುಂಟು. ಅದನ್ನೂ ಪುಲ್ಲರಿನಿಂದ ತೆಗೆಯಬೇಕು. ಬಾರದಿದ್ದರೆ ಗ್ರೈಂಡರಿನಿಂದ ಬಳೆಯ ದಪ್ಪದಲ್ಲಿ ಮುಕ್ಕಾಲು ಪಾಲು ಮಾತ್ರ ಗಾಡಿ ಕೊರೆದು, ಮೇಲೆ ದಪ್ಪ ಬಟ್ಟೆ ಮುಚ್ಚಿ, ಆ ಗೀರಿಗೆ ಉಳಿ ಇಟ್ಟು ಹೊಡೆದರೆ ಬಳೆ ಸೀಳುತ್ತದೆ. ಗ್ರೈಂಡರು ಅಚ್ಚನ್ನು ಮುಟ್ಟಬಾರದು. ಕಿಡಿ ಹಾರುವುದರಿಂದ ಗ್ರೀಸು, ಡೀಸೆಲ್, ತೆಂಗಿನ ಸಿಪ್ಪೆ ಹತ್ತಿರ ಇರಕೂಡದು. ಹಬ್ಬಿನಲ್ಲಿರುವ ಹೊರಬಳೆಯನ್ನು ಎದುರು ಮಗ್ಗುಲಿನಿಂದ ಸರಳು ತೂರಿಸಿ, ಒಂದು ಏಟು ಈ ಕಡೆ, ಒಂದು ಏಟು ಆ ಕಡೆ ಹೊಡೆದು ಸಮನಾಗಿ ಹೊರಡಿಸಬೇಕು.

ಮತ್ತೆ ಜೋಡಿಸುವಾಗ

ಎಲ್ಲವನ್ನೂ ಡೀಸೆಲಿನಲ್ಲಿ ತೊಳೆದು ಒರೆಸಿ ನೋಡಿ. ಬೇರಿಂಗಿನಲ್ಲಿ ನೀಲಿ ಬಣ್ಣ, ಗುಳಿ, ಗೀರು ಕಂಡರೆ ಒಳಬಳೆ ಹೊರಬಳೆ ಎರಡನ್ನೂ ಜೊತೆಯಾಗಿಯೇ ಬದಲಿಸಬೇಕು. ಹಳೆಯದರ ಮೇಲಿನ ನಂಬರು ನೋಡಿ ಹೊಸದನ್ನು ತರಬೇಕು. ಅಚ್ಚು ತೇದಿದ್ದರೆ ವರ್ಕ್‌ಷಾಪಿಗೆ ತೋರಿಸದೆ ಹೇರು ಹಾಕಬೇಡಿ. ರೋಲರುಗಳ ನಡುವೆ ತುಂಬುವಂತೆ ಅಂಗೈಯಲ್ಲಿ ಒತ್ತಿ ಹೊಸ ಗ್ರೀಸು ತುಂಬಿ, ಹೊಸ ಸೀಲು ಹಾಕಿ. ಹಬ್ಬು ತಿರುಗಿಸುತ್ತ ನಟ್ಟನ್ನು ಬಿಗಿಮಾಡಿ, ತಿರುಗಲು ಭಾರವಾದೊಡನೆ ತಯಾರಕರು ಹೇಳಿದಷ್ಟು ಹಿಂದಕ್ಕೆ ಬಿಡಿ. ಹಬ್ಬು ಓಲಾಡದೆ ಸರಾಗವಾಗಿ ತಿರುಗಬೇಕು. ಪಿನ್ನು ಹೊಸದೇ ಆಗಿರಲಿ. ಅದರ ಬದಲು ಮೊಳೆ ಬಗ್ಗಿಸಿ ಹಾಕುವುದು ಅಪಾಯವನ್ನು ಕರೆದಂತೆ. ಕೆಲವು ಮೈಲಿ ಓಡಿಸಿ ಹಬ್ಬಿನ ಬಿಸಿಯನ್ನೂ ಚಕ್ರದ ನಟ್ಟುಗಳನ್ನೂ ಮತ್ತೆ ಪರೀಕ್ಷಿಸಬೇಕು.

ಲಾರಿಯ ಹಿಂದಿನ ಹಬ್ಬಿಗೆ ಎಂಜಿನಿನ ಶಕ್ತಿ ತರುವ ಅಚ್ಚೂ ಬ್ರೇಕೂ ಸೇರಿರುವುದರಿಂದ ಅದನ್ನು ಮನೆಯಲ್ಲಿ ಬಿಚ್ಚದಿರುವುದೇ ಲೇಸು.

ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ಹಬ್ಬು ಬಿಚ್ಚಿ ಗ್ರೀಸು ಬದಲಿಸಿದರೆ ಇಷ್ಟು ಶ್ರಮವೇ ಬರುವುದಿಲ್ಲ. ಪುಲ್ಲರ್ ಒಬ್ಬರಿಗೆ ಅಪರೂಪಕ್ಕೆ ಬೇಕಾಗುವ ಸಾಮಾನು. ಟ್ರೇಲರು ಇರುವ ನಾಲ್ಕಾರು ಮನೆಯವರು ಸೇರಿ, ಇಲ್ಲವೆ ಸಹಕಾರ ಸಂಘದ ಮೂಲಕ, ಊರಿಗೊಂದು ತಂದಿಟ್ಟುಕೊಂಡರೆ ಎಲ್ಲರ ಕೆಲಸಕ್ಕೂ ಆದೀತು.