ಜಾಲತಾಣ ಹೊಸದು, ಮೊಬೈಲು ಯಾರದು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಮ್ಮ ಈ ನಾಲ್ಕು ತಾಲೂಕುಗಳಲ್ಲಿ ಆದಾಯ ತೆರಿಗೆಯ ಮಾತೆತ್ತಿದರೆ, ಅದು ನೌಕರದಾರರ ಮತ್ತು ಅಡತಿ ವ್ಯಾಪಾರಸ್ಥರ ವಿಷಯವೆಂದೂ ಒಕ್ಕಲುತನದವರಿಗೆ ಅದರ ಸೋಂಕಿಲ್ಲವೆಂದೂ ಹೇಳುವವರೇ ಹೆಚ್ಚು. ಕೃಷಿಯ ಆದಾಯಕ್ಕೆ ಕೇಂದ್ರದ ತೆರಿಗೆಯಿಲ್ಲವೆಂಬುದು ನಿಜ. ಆದರೆ ಲಿಂಬೆ ಮಾರಿ ಬಂದ ಹಣವನ್ನು ಇಂಡಿಯ ಬ್ಯಾಂಕಿನಲ್ಲಿ ಠೇವಣಿಯಿಟ್ಟಾಗ ಹುಟ್ಟುವ ಬಡ್ಡಿ ಕೃಷಿಯ ಆದಾಯವೆನಿಸುವುದಿಲ್ಲ. ಅದು ನಿಗದಿತ ಮಿತಿಯನ್ನು ದಾಟಿತೆಂದರೆ ಬ್ಯಾಂಕಿನವರು ಶೇಕಡ 10ರಂತೆ ಮೊದಲೇ ಮುರಿದುಕೊಂಡು ಸರಕಾರಕ್ಕೆ ಕಟ್ಟುತ್ತಾರೆ. ಪ್ಯಾನ್ ಕಾರ್ಡು ಆಧಾರಿನೊಡನೆ ಜೋಡಣೆಯಾಗದೆ ನಿಷ್ಕ್ರಿಯವಾಗಿದ್ದರೆ ಶೇಕಡ 20ರಂತೆ. ತೆರಿಗೆ ತೆರಬೇಕಾದಷ್ಟು ಆದಾಯವೇ ಇಲ್ಲದವನಿಗೆ ಹೀಗೆ ಹೋದ ಹಣ ರಿಟರ್ನ್ ಸಲ್ಲಿಸಿದ ಹೊರತು ಮರಳಿ ಬಾರದು. ನಿವೃತ್ತ ಅಧ್ಯಾಪಕನಾದ ನನ್ನಲ್ಲಿಗೆ ಪ್ರತಿ ವರ್ಷ ಜೂನ್ ಬಂತೆಂದರೆ ಬಂಧುಗಳೂ ಹಳೆಯ ವಿದ್ಯಾರ್ಥಿಗಳೂ ಪಾಸ್‌ಬುಕ್ಕು ಹಿಡಿದು ಬರುವುದು ಈ ಕಾರಣದಿಂದಲೇ.

ರಿಟರ್ನುಗಳ ಸಂಸ್ಕರಣೆಗೆ ಹಿಡಿಯುತ್ತಿದ್ದ 63 ದಿನಗಳನ್ನು ಒಂದೇ ದಿನಕ್ಕೆ ಇಳಿಸುವ ಸಂಕಲ್ಪದಿಂದ, ಸುಮಾರು 4,242 ಕೋಟಿ ರೂಪಾಯಿಗಳ ಯೋಜನೆಯೊಂದಕ್ಕೆ ಕೇಂದ್ರ ಸಂಪುಟವು 2019ರ ಜನವರಿಯಲ್ಲಿ ಸಮ್ಮತಿಯಿತ್ತಿತು. ಕಾರ್ಯವನ್ನು ಇನ್‌ಫೋಸಿಸ್ ಸಂಸ್ಥೆಗೆ ವಹಿಸಲಾಯಿತು. ರಿಟರ್ನ್ ಸಲ್ಲಿಸುವ ಹೊಸ ಜಾಲತಾಣವು 2021ರ ಜೂನ್ 7ರಂದು ತೆರೆಯಿತು. ತೆರೆದ ಮೊದಲ ತಿಂಗಳುಗಳಲ್ಲಿ ಅದು ಪಟ್ಟ ಪಾಡು, ಆಗಸ್ಟ್ 23ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಸಂಸ್ಥೆಯ ಮುಖ್ಯಸ್ಥರನ್ನು ಕರೆಯಿಸಿ ಸೆಪ್ಟೆಂಬರ್ 15ರ ಗಡುವು ವಿಧಿಸಿದ್ದು, ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕ ಡಿಸೆಂಬರ್ 31ರವರೆಗೆ ಸರಿದದ್ದು, ಇವೆಲ್ಲ ವೃತ್ತಪತ್ರಿಕೆ ಓದುವವರಿಗೆ ತಿಳಿದ ಸಂಗತಿಗಳೇ. ಆ ಗದ್ದಲ ಅಡಗಿ ಬಹಳ ಕಾಲವಾಯಿತು. ಈಗಿನ ಜಾಲತಾಣ ಮೊದಲಿನದಕ್ಕಿಂತ ನಿಸ್ಸಂದೇಹವಾಗಿ ಸುಗಮವಾಗಿದೆ.

ನನ್ನ ದೃಷ್ಟಿಯಲ್ಲಿ ಅದರ ಅತ್ಯುತ್ತಮ ಭಾಗ ಬಣ್ಣದ ಮುಖಪುಟವಲ್ಲ, 2021ರ ನವೆಂಬರಿನಲ್ಲಿ ಸೇರಿದ ವಾರ್ಷಿಕ ಮಾಹಿತಿ ವಿವರಣೆ; ಲೆಕ್ಕಿಗರು ಅದನ್ನು ಎಐಎಸ್ ಎನ್ನುತ್ತಾರೆ. ಯಾವ ಬ್ಯಾಂಕು ಎಷ್ಟು ಬಡ್ಡಿ ಕೊಟ್ಟಿತು, ಯಾರು ಎಷ್ಟು ಮುರಿದುಕೊಂಡರು, ಯಾವ ಆಸ್ತಿಯ ಖರೀದಿ ಯಾವ ಕಚೇರಿಯಿಂದ ವರದಿಯಾಯಿತು ಎಂಬುದೆಲ್ಲ ಅಲ್ಲಿ ಸಾಲುಸಾಲಾಗಿ ಕಾಣುವುದಲ್ಲದೆ, ಒಂದು ಸಾಲು ತಪ್ಪಾಗಿದ್ದರೆ ಅದು ತಪ್ಪೆಂದು ತೆರಿಗೆದಾರನೇ ತಿಳಿಸುವ ಅವಕಾಶವೂ ಉಂಟು. ಸರಕಾರವು ನಮ್ಮ ವಿಷಯವಾಗಿ ಏನೇನು ಬಲ್ಲದೆಂಬುದನ್ನು ನಮಗೇ ತೋರಿಸುವ ಈ ಔದಾರ್ಯ ಹಿಂದಿನ ಯಾವ ಕಚೇರಿಯಲ್ಲಿಯೂ ನನಗೆ ಕಂಡದ್ದಿಲ್ಲ.

ಆದರೆ ಜಾಲತಾಣದಲ್ಲಿ ತಾನಾಗಿ ತುಂಬಿಕೊಂಡ ರಿಟರ್ನ್ ನಮೂನೆಯೇ ಪೂರ್ಣಸತ್ಯವೆಂದು ನಂಬತಕ್ಕದ್ದಲ್ಲ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಭೂಮಿ ಬಿಟ್ಟುಕೊಟ್ಟ ಬಾಗೇವಾಡಿ, ಮುದ್ದೇಬಿಹಾಳದ ಕಡೆಯ ಮನೆತನಗಳು, ಪರಿಹಾರ ಸಾಲದೆಂದು ಕೋರ್ಟಿಗೆ ಹೋಗಿ, ವರ್ಷಗಟ್ಟಲೆ ಅಲೆದು, ಕಡೆಗೆ ಹೆಚ್ಚುವರಿ ಪರಿಹಾರವನ್ನೂ ಅದರ ಮೇಲಿನ ಬಡ್ಡಿಯನ್ನೂ ಪಡೆದ ಉದಾಹರಣೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆ ಬಡ್ಡಿ ಎಷ್ಟೇ ವರ್ಷಗಳದಾದರೂ ಕೈಗೆ ಬಂದ ವರ್ಷದ ಆದಾಯವೆಂದೇ ಕಾನೂನು ಎಣಿಸುತ್ತದೆ. ಆದರೆ ಅದರಲ್ಲಿ ಅರ್ಧಭಾಗವನ್ನು ಕಳೆದು ಉಳಿದರ್ಧಕ್ಕೆ ಮಾತ್ರ ತೆರಿಗೆ ಹಾಕುತ್ತದೆ. ನಾನು ಕುಳಿತು ನೋಡಿದ ಇಂಥ ಒಂದು ರಿಟರ್ನಿನಲ್ಲಿ ಬಡ್ಡಿಯ ಪೂರ್ಣ ಮೊತ್ತ ತಾನಾಗಿ ಬಂದು ಕುಳಿತಿತ್ತು. ಅರ್ಧದ ರಿಯಾಯಿತಿಯ ಕೋಣೆ ಮಾತ್ರ ಬರಿದಾಗಿತ್ತು. ಅದನ್ನು ಕೈಯಾರೆ ತುಂಬಬೇಕು, ಅದಕ್ಕಾಗಿ ‘ಸಹಜ್’ ಎಂಬ ಸರಳ ನಮೂನೆಯನ್ನು ಬಿಟ್ಟು ಐಟಿಆರ್-2ನ್ನು ಆಯ್ದುಕೊಳ್ಳಬೇಕು ಎಂಬುದನ್ನು ಯಾವ ರೈತನಿಗೆ ಯಾರು ಹೇಳಿದ್ದಾರೆ?

ಇನ್ನು ಹೆಸರಿನ ತೊಡಕು. ನಮ್ಮಲ್ಲಿ ಒಬ್ಬನೇ ಮನುಷ್ಯ ಪಹಣಿಯಲ್ಲಿ ತಂದೆಯ ಹೆಸರಿನೊಡನೆಯೂ, ಶಾಲೆಯ ದಾಖಲೆಯಲ್ಲಿ ಬಿರಾದಾರ, ಪಾಟೀಲ ಮುಂತಾದ ಅಡ್ಡಹೆಸರಿನೊಡನೆಯೂ, ಬ್ಯಾಂಕಿನಲ್ಲಿ ಬರಿಯ ಇನಿಷಿಯಲ್ಲಿನೊಡನೆಯೂ ಇರುವುದುಂಟು. ಪ್ಯಾನಿನ ಹೆಸರಿಗೂ ಬ್ಯಾಂಕಿನ ಹೆಸರಿಗೂ ಹೊಂದದಿದ್ದರೆ ಖಾತೆಯ ಪೂರ್ವದೃಢೀಕರಣ ಆಗದು. ದೃಢೀಕರಣವಾಗದ ಖಾತೆಗೆ ರಿಫಂಡ್ ಬಾರದು. ಜಾಲತಾಣವನ್ನು ಎಷ್ಟು ಅಂದವಾಗಿ ಪುನಾರಚಿಸಿದರೂ ಇದು ಬಗೆಹರಿಯುವುದು ಬ್ಯಾಂಕಿನ ಕೌಂಟರಿನಲ್ಲಿಯೇ.

ಇವೆಲ್ಲಕ್ಕಿಂತ ಮಿಗಿಲಾಗಿ ನನ್ನನ್ನು ಕಾಡುವ ಸಂಗತಿ ಬೇರೊಂದಿದೆ. ಸಿಂದಗಿಯ ಹತ್ತಿರದ ಹಳ್ಳಿಯ ನನ್ನ ಬಂಧುವೊಬ್ಬರಿಗೆ ಬರಬೇಕಾದ ಓಟಿಪಿ ಬಾರದಿರಲು ಅವರ ಪ್ರೊಫೈಲನ್ನು ತೆರೆಯಿಸಿ ನೋಡಿದೆ: ಅಲ್ಲಿದ್ದ ಮೊಬೈಲ್ ಸಂಖ್ಯೆ ಪೇಟೆಯ ಆನ್‌ಲೈನ್ ಅಂಗಡಿಯವನದು, ಇಮೇಲೂ ಅವನದೇ. ಇಲಾಖೆ ಕಳುಹಿದ ಸೂಚನೆಗಳೆಲ್ಲ ವರ್ಷಗಳಿಂದ ಆ ಅಂಗಡಿಗೇ ಹೋಗಿದ್ದವು. ಉಳುವವ ನಾವಾಗಿ ಪಹಣಿ ಮತ್ತೊಬ್ಬನ ಹೆಸರಿನಲ್ಲಿದ್ದಂತೆ ಇದು. ಅಂಗಡಿಯವರೆಲ್ಲ ಕೆಡುಕರೆಂದು ನಾನು ಹೇಳುತ್ತಿಲ್ಲ. ಇಮೇಲ್ ಇಲ್ಲದ ಗಿರಾಕಿಗೆ ತನ್ನದನ್ನೇ ಹಾಕಿಕೊಟ್ಟದ್ದು ಅವನಿಗೆ ಉಪಕಾರವಾಗಿಯೇ ತೋರಿರಬಹುದು. ಆದರೆ ರಿಫಂಡಿನಲ್ಲಿ ಪಾಲು ಪಡೆಯುವ ಕರಾರಿನ ಮೇಲೆ ಇಲ್ಲದ ವಿಮೆ, ಕೊಡದ ದೇಣಿಗೆಗಳನ್ನು ತೋರಿಸುವ ದಂಧೆ ದೇಶದಲ್ಲೆಲ್ಲ ನಡೆದು, 2025ರ ಜುಲೈನಲ್ಲಿ ಇಲಾಖೆಯೇ ವ್ಯಾಪಕ ತಪಾಸಣೆಗೆ ಇಳಿಯಬೇಕಾಯಿತು. ಅಂಥ ರಿಟರ್ನಿಗೆ ಉತ್ತರ ಕೊಡಬೇಕಾದವನು ಪ್ಯಾನ್ ಹೊಂದಿದವನು.

ತೆರಿಗೆಯ ಜಾಲತಾಣವನ್ನು ಸುಲಭಗೊಳಿಸುವುದೆಂದರೆ, ನನ್ನ ಅಭಿಪ್ರಾಯದಲ್ಲಿ, ಒಂದೇ ಮೊಬೈಲ್ ಸಂಖ್ಯೆ ಹಲವಾರು ಅಪರಿಚಿತರ ಖಾತೆಗಳಲ್ಲಿ ಕಾಣಿಸಿಕೊಂಡಾಗ ಆ ಖಾತೆದಾರರಿಗೆ ಅವರ ಮನೆಯ ವಿಳಾಸಕ್ಕೆ ಅಚ್ಚಗನ್ನಡದಲ್ಲಿ ಒಂದು ಕಾಗದ ಬರೆಯುವುದು. ಅಲ್ಲಿಯವರೆಗೆ ಓದುಗರಲ್ಲಿ ನನ್ನ ಬಿನ್ನಹವಿಷ್ಟೆ: ಸಾಮಾನ್ಯವಾಗಿ ಜುಲೈ 31ಕ್ಕೆ ಮುಗಿಯುವ ಗಡುವಿಗೆ ಮುನ್ನವೇ ನಿಮ್ಮ ಮಗನನ್ನೋ ಮೊಮ್ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಪ್ರೊಫೈಲನ್ನು ತೆರೆಯಿರಿ, ಮೊಬೈಲ್ ಸಂಖ್ಯೆಯನ್ನೂ ಇಮೇಲನ್ನೂ ನಿಮ್ಮ ಮನೆಯದಾಗಿಸಿಕೊಳ್ಳಿರಿ, ಎಐಎಸ್‌ನ ಸಾಲುಗಳನ್ನು ಪಾಸ್‌ಬುಕ್ಕಿನೊಡನೆ ಹೋಲಿಸಿ ನೋಡಿರಿ, ಸಲ್ಲಿಸಿದ ಮೇಲೆ 30 ದಿನಗಳೊಳಗೆ ದೃಢೀಕರಿಸುವುದನ್ನು ಮರೆಯದಿರಿ. ಅಂಗಡಿಗೆ ಆಮೇಲೆ ಹೋಗಬಹುದು.