ಉಸಿರು, ವಿರಾಮ ಮತ್ತು ಉಪವಾಕ್ಯದ ಗಡಿ: ನಂಜನಗೂಡು–ತಿ. ನರಸೀಪುರ ಪರಿಸರದ ಆಡುನುಡಿ

ಬರವಣಿಗೆಯಲ್ಲಿ ಉಪವಾಕ್ಯದ ಗಡಿಯನ್ನು ಲೇಖನ ಚಿಹ್ನೆಗಳು ಸೂಚಿಸುತ್ತವೆ. ಆಡುಮಾತಿನಲ್ಲಿ ಆ ಕಾರ್ಯವನ್ನು ಸ್ವರದ ಏರಿಳಿತ, ಕೊನೆಯ ಅಕ್ಷರದ ಎಳೆತ, ಮೌನ ಹಾಗೂ ಉಸಿರು ಹಂಚಿಕೊಳ್ಳುತ್ತವೆ. ಧ್ವನಿಮುದ್ರಿತ ಪಠ್ಯ ಅಚ್ಚಿಗೆ ಬರುವಾಗ ಮೊದಲು ಕಳೆದುಹೋಗುವವು ಇವೇ. ಈ ನಷ್ಟದ ಸ್ವರೂಪವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಂಜನಗೂಡಿನ ಒಕ್ಕಲಿಗರ ಆಡುಮಾತನ್ನು ಕುರಿತ ಯು.ಪಿ. ಉಪಾಧ್ಯಾಯರ ವಿವರಣಾತ್ಮಕ ಅಧ್ಯಯನವು ೧೯೬೮ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಪ್ರಕಟವಾಯಿತು. ಕಪಿಲೆಯ ದಂಡೆಯ ನಂಜನಗೂಡಿನಿಂದ ಆ ನದಿ ಕಾವೇರಿಯನ್ನು ಕೂಡುವ ತಿ. ನರಸೀಪುರದವರೆಗಿನ ಆಡುಮಾತಿನಲ್ಲಿ ಪದಾದಿಯ ಹಕಾರಲೋಪ ಸಾಮಾನ್ಯ. ‘ಎದ್ದೋಗಿ ನೀರ್ ತಂದು ಮಡಗ್ದ’ ಎಂಬ ವಾಕ್ಯವನ್ನು ಗಮನಿಸಬಹುದು. ‘ಎದ್ದು’, ‘ಓಗಿ’, ‘ತಂದು’ ಮೂರೂ ಭೂತನ್ಯೂನಗಳೇ. ಆದರೆ ‘ಎದ್ದೋಗಿ’ ಎಂದು ಸಂಧಿಯಾದಲ್ಲಿ ನಡುವೆ ಉಸಿರಿಗೆ ಎಡೆಯಿಲ್ಲ, ‘ಎದ್ದು... ಓಗಿ’ ಎಂದು ತಡೆದರೆ ಸಂಧಿಯಿಲ್ಲ. ಸಂಧಿಯೆಂಬುದು ಇಲ್ಲಿ ವಿರಾಮದ ಅಭಾವಕ್ಕೆ ಸಾಕ್ಷಿ. ಸಂಪಾದಕರು ಇದನ್ನು ‘ಎದ್ದು ಹೋಗಿ’ ಎಂದು ಶಿಷ್ಟಗೊಳಿಸಿದರೆ ಆ ಸಾಕ್ಷಿಯೇ ಅಳಿಯುತ್ತದೆ.

ವಿರಾಮವು ಅರ್ಥವನ್ನೂ ನಿರ್ಣಯಿಸಬಲ್ಲದು. ‘ಅವ್ವ ನೆನ್ನೆ ಬಂದ ಅಂತ ಅಂದ್ಳು’ ಎಂಬಲ್ಲಿ ‘ಅವ್ವ’ದ ಬಳಿಕ ತಡೆದರೆ ಬಂದದ್ದು ನೆನ್ನೆ; ‘ನೆನ್ನೆ’ಯ ಬಳಿಕ ತಡೆದರೆ ಹೇಳಿದ್ದು ನೆನ್ನೆ. ಹಂಗೇರಿಯನ್ ಭಾಷೆಯೊಡನೆ ಇದನ್ನು ಹೋಲಿಸಬಹುದು. ಅಲ್ಲಿ ‘ಹೋಜ್’ ಎಂಬ ಸಂಯೋಜಕ ಉಪವಾಕ್ಯದ ಮೊದಲಲ್ಲೇ ನಿಂತು ಅದರ ಆರಂಭವನ್ನು ಸಾರುತ್ತದೆ. ಕನ್ನಡದ ‘ಅಂತ’ ಉಪವಾಕ್ಯದ ಕೊನೆಗೆ ಬರುತ್ತದೆ. ಆರಂಭವನ್ನು ತೋರುವ ಪದವಿಲ್ಲ. ಆ ಹೊಣೆ ಸ್ವರ ಮತ್ತು ವಿರಾಮಗಳ ಮೇಲೆ ಬೀಳುತ್ತದೆ.

ಎಲ್ಲ ವಿರಾಮವೂ ಉಸಿರಲ್ಲ, ಎಲ್ಲ ಉಸಿರೂ ಉಪವಾಕ್ಯದ ಗಡಿಯಲ್ಲ. ಓದುವಾಗ ಉಸಿರು ಬಹುಮಟ್ಟಿಗೆ ವ್ಯಾಕರಣದ ಗಡಿಯಲ್ಲೇ ಬೀಳುತ್ತದೆ. ಸಹಜ ಮಾತಿನಲ್ಲಿ, ಮುಂದಿನ ಮಾತನ್ನು ಯೋಚಿಸುವ ಎಡೆಯಲ್ಲೂ ಬೀಳುತ್ತದೆ. ಹಾಡಿನಲ್ಲಿ ಸ್ಥಿತಿ ಮತ್ತೂ ಭಿನ್ನ. ಈ ಸೀಮೆಯಲ್ಲಿ ಮಂಟೇಸ್ವಾಮಿ ಕಾವ್ಯವನ್ನು ಹಾಡುವ ನೀಲಗಾರರ ಮೇಳದಲ್ಲಿ ಹಿಮ್ಮೇಳದವರು ಸೊಲ್ಲನ್ನು ಎತ್ತಿಕೊಂಡಾಗ ಮುಖ್ಯ ಗಾಯಕನಿಗೆ ಉಸಿರಿನ ಬಿಡುವು ದೊರೆಯುತ್ತದೆ. ಇಲ್ಲಿನ ಗಡಿ ಸೊಲ್ಲಿನದು. ಅದು ವಾಕ್ಯದ ಗಡಿಯೇ ಆಗಬೇಕಿಲ್ಲ. ಛಂದಸ್ಸಿನ ಯತಿಯಿಂದಲೂ ಇದನ್ನು ವಿವರಿಸಲಾಗದು. ಹಳಗನ್ನಡ ಕವಿಗಳೇ ಪ್ರಾಸಕ್ಕೆ ಬದ್ಧರಾದಷ್ಟು ಯತಿಗೆ ಬದ್ಧರಾಗಿರಲಿಲ್ಲ.

ಆದ್ದರಿಂದ ಲಿಪ್ಯಂತರದಲ್ಲಿ ಉಸಿರು, ಮೌನ, ಹಿಮ್ಮೇಳದ ಪ್ರವೇಶ ಈ ಮೂರಕ್ಕೂ ಪ್ರತ್ಯೇಕ ಚಿಹ್ನೆಗಳಿರುವುದು ಅಗತ್ಯ. ಇವಿಲ್ಲದ ಪಠ್ಯದಲ್ಲಿ ಸಾಲನ್ನು ಮುರಿದವರು ಗಾಯಕರೋ ಸಂಪಾದಕರೋ ಎಂಬುದನ್ನು ಓದುಗ ತಿಳಿಯಲಾರ. ಅಂತಹ ಸಾಲುಗಳನ್ನು ಆಧರಿಸಿ ಜನಪದ ಛಂದಸ್ಸನ್ನು ನಿರ್ಣಯಿಸುವುದು, ಗಾಯಕನ ಉಸಿರಿನ ಬದಲು ಸಂಪಾದಕನ ಲೇಖನಿಯನ್ನು ಅಳೆದಂತಾಗುತ್ತದೆ.