ದನಗಳ ರೋಗದಲ್ಲಿ ಅಪೂರ್ಣ ವೈರಸ್ ಕಣಗಳು

ದನದ ಬಾಯಿಂದ ಜೊಲ್ಲು ಸುರಿದು ನಾಲಗೆಯ ಮೇಲೆ ಗುಳ್ಳೆಗಳೆದ್ದರೆ ನಮ್ಮ ರೈತರು ಕಾಲುಬಾಯಿ ಜ್ವರವೆಂದು ಕೂಡಲೆ ಹೇಳುವರು. ಅಮೆರಿಕಾ ಖಂಡಗಳಲ್ಲಿ ಇದನ್ನೇ ಹೋಲುವ ಮತ್ತೊಂದು ರೋಗವುಂಟು. ದನ, ಕುದುರೆ, ಹಂದಿಗಳಿಗೆ ತಗಲುವ ಇದಕ್ಕೆ ವೆಸಿಕ್ಯುಲರ್ ಸ್ಟೊಮಟೈಟಿಸ್ ಎಂದು ಹೆಸರು. ಎರಡು ರೋಗಗಳ ವೈರಸ್ಸುಗಳೂ ಬೇರೆ ಬೇರೆ. ಆದರೂ ಎರಡನೆಯದರಿಂದ ತಿಳಿದುಬಂದ ಒಂದು ಸಂಗತಿಯನ್ನು ಗ್ರಾಮದ ಮುಖಂಡರೂ ಜಮೀನುದಾರರೂ ಅರಿತಿರುವುದು ಉತ್ತಮ.

ವೈರಸ್ಸು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದುದು. ಜೀವಕೋಶದೊಳಗಲ್ಲದೆ ಬೇರೆಲ್ಲಿಯೂ ವೃದ್ಧಿಯಾಗದು. ಮೇಲೆ ಹೇಳಿದ ರೋಗದ ವೈರಸ್ಸು ಬಂದೂಕಿನ ಗುಂಡಿನ ಆಕಾರದ್ದು. ಅದರೊಳಗೆ ಆರ್‌ಎನ್‌ಎ ಎಂಬ ದ್ರವ್ಯದ ಒಂದು ಎಳೆಯಿರುತ್ತದೆ. ಅದರಲ್ಲಿ ಅಕ್ಷರಗಳಂತೆ ಸಾಲಾಗಿ ನಿಂತ ಸುಮಾರು 11,000 ಘಟಕಗಳಿವೆ. ಇವೇ 5 ಜೀನುಗಳಾಗಿ, ಹೊಸ ವೈರಸ್ಸನ್ನು ಕಟ್ಟುವ ವಿಧಿಯನ್ನು ಒಳಗೊಂಡಿವೆ.

ಎಳೆಯ ನಕಲು ನಡೆಯುವಾಗ ಒಮ್ಮೊಮ್ಮೆ ಬಹುಭಾಗವು ಬಿಟ್ಟುಹೋಗಿ, ಮೂಲದ ಐದರಲ್ಲೊಂದು ಪಾಲಿನಷ್ಟು ಮಾತ್ರವೇ ಇರುವ ಮೋಟು ಎಳೆ ಹುಟ್ಟುವುದುಂಟು. ನಕಲು ಆರಂಭಿಸುವ ಗುರುತು ತುದಿಯಲ್ಲಿರುವುದರಿಂದ ಮೋಟು ಎಳೆಗೂ ನಕಲುಗಳಾಗುತ್ತವೆ; ಗಿಡ್ಡವಾದುದರಿಂದ ಬೇಗಬೇಗನೆ ಆಗುತ್ತವೆ. ಆದರೆ ಜೀನುಗಳನ್ನು ಕಳೆದುಕೊಂಡ ಈ ಕಣವು ತಾನಾಗಿ ಬಾಳಲಾರದು. ಮಾವಿನ ಮರದ ಬಂದಳಿಕೆಯಂತೆ ಪೂರ್ಣ ವೈರಸ್ಸನ್ನು ಆಶ್ರಯಿಸಿ, ಅದರ ಸಾಮಗ್ರಿಯನ್ನೇ ಕಸಿದುಕೊಂಡು ಅದರ ಬೆಳವಣಿಗೆಯನ್ನು ಕುಗ್ಗಿಸುತ್ತದೆ. 1970ರಲ್ಲಿ ಆಲಿಸ್ ಹುವಾಂಗ್ ಮತ್ತು ಡೇವಿಡ್ ಬಾಲ್ಟಿಮೋರ್ ಎಂಬ ವಿಜ್ಞಾನಿಗಳು ಇಂಥವುಗಳನ್ನು ಅಪೂರ್ಣವಾದ ತಡೆಗಣಗಳೆಂದು ಹೆಸರಿಸಿ ವಿವರಿಸಿದರು.

ಪ್ರಯೋಗಶಾಲೆಯಲ್ಲಿ ವೈರಸ್ಸನ್ನು ದಟ್ಟವಾಗಿ ಮತ್ತೆ ಮತ್ತೆ ಬೆಳೆಸಿದರೆ ತಡೆಗಣಗಳು ಹೆಚ್ಚಿ, ಪೂರ್ಣ ವೈರಸ್ಸಿನ ಇಳುವರಿ ಇಳಿಯುತ್ತದೆ. ಆದಕಾರಣ ಬಿತ್ತುವ ವೈರಸ್ಸನ್ನು ತೆಳುವಾಗಿಸಿ ಬೆಳೆಸುವರು.

ಹಾಗಾದರೆ ರೋಗದ ದನದ ಜೊಲ್ಲನ್ನು ಆರೋಗ್ಯವಾದ ದನಕ್ಕೆ ಸವರಿದರೆ ತಡೆಗಣಗಳಿಂದ ರಕ್ಷಣೆ ದೊರೆಯದೆ ಎಂದು ಕೆಲವರು ಕೇಳಬಹುದು. ಖಂಡಿತವಾಗಿಯೂ ಇಲ್ಲ. ತಡೆಗಣವಿರುವಲ್ಲಿ ಅದನ್ನು ಸಾಕುವ ಪೂರ್ಣ ವೈರಸ್ಸೂ ಇರಲೇಬೇಕು. ಜೊಲ್ಲನ್ನು ಸವರುವುದೆಂದರೆ ಕೊಟ್ಟಿಗೆಗೆ ರೋಗವನ್ನು ಕೈಯಾರೆ ತಂದಂತೆ.

ಕಾಲುಬಾಯಿ ಜ್ವರದ ಲಸಿಕೆಯ ರೀತಿಯೇ ಬೇರೆ. ಅದರಲ್ಲಿರುವ ವೈರಸ್ಸನ್ನು ಔಷಧದಿಂದ ಮೊದಲೇ ನಿಷ್ಕ್ರಿಯಗೊಳಿಸಿರುತ್ತಾರೆ. ಆದುದರಿಂದ ಅದು ರೋಗವನ್ನು ತಾರದೆ ರಕ್ಷಣಾಶಕ್ತಿಯನ್ನು ಬೆಳೆಸುತ್ತದೆ. ಈ ಶಕ್ತಿಯು ಬಹುಕಾಲ ನಿಲ್ಲದ ಕಾರಣ, 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ 6 ತಿಂಗಳಿಗೊಮ್ಮೆ ಲಸಿಕೆ ಹಾಕಿಸುವ ಏರ್ಪಾಡಾಗಿದೆ.

ರೋಗದ ಲಕ್ಷಣ ಕಂಡೊಡನೆ ದನವನ್ನು ಬೇರೆ ಕಟ್ಟಿ, ಅದರ ಮೇವು ನೀರನ್ನು ಪ್ರತ್ಯೇಕಿಸಿ, ಸಂತೆಗೆ ಹೊಡೆಯದೆ, ಸಮೀಪದ ಪಶುವೈದ್ಯರಿಗೆ ತಿಳಿಸತಕ್ಕದ್ದು. ಮುಖಂಡರು ಮೊದಲು ತಮ್ಮ ಕೊಟ್ಟಿಗೆಯಲ್ಲಿ ಇದನ್ನು ನಡೆಸಿ ತೋರಿಸಿದರೆ ಊರವರೂ ಅನುಸರಿಸುವರು.